ಮೈಲಪ್ಪಜ್ಜನ ದೋಣಿ, ನನ್ನ ಶುಗರ್ ಪಾಠ

ನನಗೆ ನಿವೃತ್ತಿಯಾಯಿತು ಎಂದು ಬರೆದ ಕೂಡಲೇ ಆಕ್ಷೇಪ ಏಳುತ್ತದೆಂದು ಗೊತ್ತು. ಮೂವತ್ತು ದಾಟಿ ಇನ್ನೂ ಹೆಚ್ಚು ದಿನವಾಗಿಲ್ಲ, ತಲೆಯಲ್ಲಿ ಬಿಳಿ ಕೂದಲು ಹುಡುಕಿದರೂ ಸಿಗುವುದಿಲ್ಲ, ಇವಳದೆಂಥ ನಿವೃತ್ತಿ? ಸರಿ, ಉತ್ತರ ಕೇಳಿ. ನನ್ನದು ಗುತ್ತಿಗೆ ಕೆಲಸ. ಯೋಜನೆ ಮುಗಿಯಿತು. ಕೊಟ್ಟಿದ್ದ ಚೀಲ, ರಕ್ತ ನೋಡುವ ಯಂತ್ರ, ರಬ್ಬರ್ ಹಣ್ಣುಗಳನ್ನು ವಾಪಸ್ ಪಡೆದರು. ಶಾಲು ಹೊದಿಸಿದರು, ಫೋಟೊ ತೆಗೆದರು. ಶಾಲು ಹೊದಿಸಿ ಮನೆಗೆ ಕಳಿಸುವುದಕ್ಕೆ ಬೇರೆ ಹೆಸರಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ. ದಣಿವಿನ ಲೆಕ್ಕ ಹಿಡಿದರಂತೂ ನಾನು ಅರವತ್ತು ದಾಟಿದವಳೇ.

ಈಗ ಅಂಥದೇ ಇನ್ನೊಂದು ಯೋಜನೆ ಬರುತ್ತಿದೆಯಂತೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವೇ ತಾಲೂಕುಗಳಿಗೆ ಹೊಸಬರನ್ನು ತೆಗೆದುಕೊಳ್ಳುತ್ತಾರಂತೆ. ಹಳ್ಳಿಹಳ್ಳಿಗೆ ಹೋಗಿ ವಯಸ್ಸಾದವರಿಗೆ ಶುಗರ್ ಜೊತೆ ಬದುಕುವುದನ್ನು ಕಲಿಸುವ ಕೆಲಸ. ಅರ್ಜಿ ಹಾಕಿದ ಹುಡುಗಿಯೊಬ್ಬಳು ಫೋನ್ ಮಾಡಿ, "ಅಕ್ಕಾ, ಕೆಲಸ ಹೆಂಗೈತಿ?" ಎಂದಳು. "ಚಲೋ ಐತಿ" ಎಂದು ಫೋನ್ ಇಟ್ಟೆ. ಅದು ಉತ್ತರವಲ್ಲ, ಜಾರಿಕೊಂಡದ್ದು. ಉತ್ತರ ಇಲ್ಲಿದೆ, ಅವಳಂಥ ಹೊಸಬರಿಗೆಲ್ಲ.

ಕೊಟ್ಟೂರಿನಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಒಂದೇ ವಿಷಯಕ್ಕೆ ಒಂದೂರಿನಲ್ಲಿ ಪರ ಮಾತಾಡಿ ಕಪ್ ತಂದು, ಮುಂದಿನ ವಾರ ಇನ್ನೊಂದೂರಿನಲ್ಲಿ ವಿರೋಧ ಮಾತಾಡಿ ಕಪ್ ತಂದದ್ದೂ ಉಂಟು. ಯಾವುದನ್ನೂ ನಂಬುವ ಅಗತ್ಯ ಬೀಳುತ್ತಿರಲಿಲ್ಲ. ಎದುರಿನವರ ಮಾತಿನಲ್ಲಿ ಬಿರುಕು ಎಲ್ಲಿದೆ ಎಂದು ನೋಡಿದರೆ ಸಾಕಿತ್ತು. ಸಂದರ್ಶನದಲ್ಲಿ ಮೇಲ್ವಿಚಾರಕ ಕೊಟ್ರೇಶ ಸರ್ ಕೇಳಿದ್ದು ಒಂದೇ ಪ್ರಶ್ನೆ: "ಮಾತಾಡಾಕ ಬರ್ತೈತೇನಮ್ಮಾ?" ಜೊತೆಗೆ ಬಂದಿದ್ದ ನಮ್ಮಪ್ಪ ಹೊರಗಿನ ಬೆಂಚಿನ ಮೇಲೆ ಕೂತು ಜೋರಾಗಿ ನಕ್ಕದ್ದು ಒಳಗೆ ಕೇಳಿಸಿತು. ಕೆಲಸ ಸಿಕ್ಕಿತು. ಮಾತಾಡುವುದಕ್ಕೆ ಸಂಬಳ ಕೊಡುತ್ತಾರೆ, ಇನ್ನೇನು ಬೇಕು ಎಂದುಕೊಂಡೆ.

ಮೊದಲ ಪಾಠ ಗುಡೇಕೋಟೆಯಲ್ಲಿ. ಒಂದು ಚೀಲ ತುಂಬ ರಬ್ಬರ್ ತಿನಿಸು ಕೊಟ್ಟು ಕಳಿಸಿದ್ದರು. ಸೇಬು, ಮೀನು, ಹಸಿರು ಹೂಕೋಸಿನಂಥ ಒಂದು ತರಕಾರಿ. ಕಟ್ಟೆಯ ಮೇಲೆ ಅವನ್ನೆಲ್ಲ ಜೋಡಿಸಿ, ಕುರಿ ಹೊಡೆದುಕೊಂಡು ಹೋಗುವ ಮನೆಗಳ ಮುದುಕಿಯರನ್ನು ಮುಂದೆ ಕೂರಿಸಿಕೊಂಡು ಶುರು ಮಾಡಿದೆ. ಒಬ್ಬಾಕೆ ಆ ಹಸಿರು ತರಕಾರಿಯನ್ನು ಎತ್ತಿ ಮೂಸಿ ನೋಡಿದಳು.

"ಇದನ್ನ ತಿಂದ್ರ ಶುಗರ್ ಇಳಿತೈತೇನವ್ವಾ?"

"ಇದು ರಬ್ಬರಿಂದು ಯವ್ವಾ, ತೋರ್ಸಾಕ. ನಿಜವಾದ್ದು ತಿನ್ಬೇಕು."

"ನಿಜವಾದ್ದು ಎಲ್ಲಿ ಸಿಗ್ತೈತಿ?"

"ಹೊಸಪೇಟಿ ಕಡಿ ಸಿಗಬಹುದು."

"ಅಲ್ಲಿಗಂಟ ನಡಕೊಂಡು ಹೋಗಿ ಬರಾದ್ರಾಗ ಶುಗರ್ ತಾನ ಇಳಿತೈತಿ ಬಿಡು" ಎಂದಳು. ಕಟ್ಟೆ ಪೂರ್ತಿ ನಕ್ಕಿತು. ನಾನು ತರ್ಕದ ಮೇಲೆ ಬದುಕಿದವಳು. ಅವಳ ಮಾತಿನಲ್ಲಿ ಬಿರುಕು ಹುಡುಕಿದೆ, ಸಿಗಲಿಲ್ಲ.

ರಬ್ಬರ್ ಹಣ್ಣು ಬಿಟ್ಟು ರೊಟ್ಟಿ, ಮುದ್ದೆ, ಅನ್ನದ ಮಾತಾಡೋಣ ಎಂದು ಕೊಟ್ರೇಶ ಸರ್ ಹತ್ತಿರ ವಾದಿಸಿದೆ. ಅವರು ಕೆಟ್ಟವರಲ್ಲ. ದಣಿದವರು. "ನೀ ಏನರ ಪಾಠ ಮಾಡವ್ವಾ. ಫೋಟೊದಾಗ ಮಾತ್ರ ಹಣ್ಣು ಕಾಣ್ಬೇಕು. ಮ್ಯಾಲಿನೋರು ನೋಡ್ತಾರ" ಎಂದರು. ಅಂದಿನಿಂದ ಫೋಟೊಗೆ ಹಣ್ಣು, ಪಾಠಕ್ಕೆ ರೊಟ್ಟಿ. ಅದರಲ್ಲೂ ಎಡವಿದ್ದೇ. ಅನ್ನ ಕಡಿಮೆ ಮಾಡಿ ರೊಟ್ಟಿ ತಿನ್ನಿ ಎಂದೆ. ತಿಂಗಳು ಬಿಟ್ಟು ಹೋದರೆ ಎಲ್ಲರ ಶುಗರ್ ಏರಿ ಕೂತಿತ್ತು. ರೊಟ್ಟಿ ಔಷಧಿಯಂತೆ, ಹೊಟ್ಟೆ ತುಂಬ ತಿನ್ನಬಹುದಂತೆ ಎಂದು ಊರು ಪೂರ್ತಿ ತೀರ್ಮಾನಿಸಿಬಿಟ್ಟಿತ್ತು. "ನೀವ ಅಂದ್ರಲ್ಲ ಮೇಡಂ" ಎನ್ನುವ ಮಾತನ್ನು ಆಗ ಮೊದಲ ಸಲ ಕೇಳಿದೆ. ಆ ಮಾತು ಮುಂದೆ ನನ್ನನ್ನು ಬೆನ್ನು ಹತ್ತಿ ಬಂತು.

ಬಾಗಳಿಯಲ್ಲಿ ಕಾಲಿನ ಪಾಠ. ಶುಗರ್ ಹಳೆಯದಾದರೆ ಪಾದ ಜೋಮು ಹಿಡಿಯುತ್ತದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ದಿನಾ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ಗಂಡ ಹೆಂಡತಿಯದನ್ನು, ಹೆಂಡತಿ ಗಂಡನದನ್ನು ನೋಡಿ ಎಂದೆ. ಒಬ್ಬ ಅಜ್ಜಿ ಎದ್ದೇ ನಿಂತಳು. "ಗಂಡನ ಕೈಲಿ ಕಾಲು ಹಿಡಿಸ್ಕೊಂಡು ನಾ ಯಾ ನರಕಕ್ಕ ಹೋಗ್ಲಿ?" ಪಕ್ಕದಲ್ಲಿದ್ದ ಗಂಡ, "ಹೊಲದಾಗ ಮುಳ್ಳು ಚುಚ್ಚಿದಾಗ ತಗದೋನು ಯಾರು? ಅವಾಗ ನರಕ ಇರ್ಲಿಲ್ಲೇನು?" ಎಂದ. ಅವರಿಬ್ಬರ ಜಗಳ ನನ್ನ ಪಾಠಕ್ಕಿಂತ ಹೆಚ್ಚು ಹೊತ್ತು ನಡೆಯಿತು. ಕೊನೆಗೆ ನೆರೆಮನೆಯ ಹೆಂಗಸರು ಒಬ್ಬರ ಪಾದ ಒಬ್ಬರು ನೋಡುವುದೆಂದು ಅವರೇ ಮಾಡಿಕೊಂಡರು.

ಕೊಟ್ಟೂರಿನ ಕಿರಾಣಿ ಸಾಹುಕಾರರೊಬ್ಬರು, ಹಣೆ ತುಂಬ ವಿಭೂತಿ, ಮಾತಿನಲ್ಲಿ ನನಗೆ ಸರಿಸಮ. ನಾನು ಪರೀಕ್ಷೆ ಮಾಡಿದಾಗಲೆಲ್ಲ ಅವರ ಶುಗರ್ ಎಲ್ಲರಿಗಿಂತ ಚೆನ್ನಾಗಿರುತ್ತಿತ್ತು. ಆದರೂ ಕಣ್ಣು ಮಂಜು, ಕಾಲು ಜೋಮು. ಇದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದಾಗ ಅವರ ಸೊಸೆ ಮೆಲ್ಲಗೆ ಹೇಳಿದಳು, "ನೀವು ಬರ್ತೀರಿ ಅಂತ ಗೊತ್ತಾದ್ರ ಮಾವಾರು ಎರಡು ದಿನ ಬರೇ ಮಜ್ಜಿಗಿ ಮ್ಯಾಲ ಇರ್ತಾರ್ರಿ." ಮುಂದಿನ ಸಲ ಹೇಳದೆ ಹೋದೆ. ಮಿರ್ಚಿ ಮಂಡಕ್ಕಿ ಬಾಯಲ್ಲಿಟ್ಟುಕೊಂಡೇ ಸಿಕ್ಕಿಬಿದ್ದರು. "ಹೇಳದ ಕೇಳದ ಪರೀಕ್ಷೆ ಇಟ್ರ ಹೆಂಗ್ರಿ ಮೇಡಂ? ತಯಾರಿ ಬ್ಯಾಡೇನ್ರಿ?" ಅವರು ಮೋಸ ಮಾಡುತ್ತಿರಲಿಲ್ಲ. ನನಗೆ ಬೇಜಾರಾಗಬಾರದು ಎಂದು ಉಪವಾಸ ಬೀಳುತ್ತಿದ್ದರು. ನೀವು ಹೋಗುವ ಮನೆಗಳಲ್ಲಿ ಅರ್ಧ ಜನ ಇಂಥವರೇ. ನಿಮ್ಮನ್ನು ಎದುರಿಸುವವರ ಜೊತೆ ವಾದಿಸಬಹುದು. ಒಪ್ಪಿಕೊಂಡು ತಲೆಯಾಡಿಸುವವರ ಜೊತೆ ಏನು ಮಾಡುತ್ತೀರಿ?

ಎದುರಿಸಿದವನು ಗೊರವರ ಮೈಲಪ್ಪ. ಶಾಲು, ಫೋಟೊ ಎಲ್ಲ ಬಿಟ್ಟು ಈ ಒಬ್ಬ ಮನುಷ್ಯನ ವಿಷಯ ಮಾತ್ರ ಹೇಳಿದರೂ ನನ್ನ ಕೆಲಸ ಹೇಗಿತ್ತೆಂದು ಹೇಳಿದ ಹಾಗೆಯೇ.

ಹಡಗಲಿ ತಾಲೂಕಿನ ಹೊಳೆ ಕಡೆಯ ಹಳ್ಳಿ ಅವನದು. ಕುರಿ ಸಾಕುವ ಮನೆತನ. ಎಳವೆಯಲ್ಲೇ ಮೈಲಾರಲಿಂಗನ ದೀಕ್ಷೆ ಪಡೆದ ಗೊರವಯ್ಯ. ಕರಿ ಕಂಬಳಿ, ಕೈಯಲ್ಲಿ ಡಮರುಗ, ಸೊಂಟದಲ್ಲಿ ಭಂಡಾರದ ಚೀಲ, ಹಣೆಗೆ ಅದೇ ಅರಿಶಿನ. ಮೊದಲ ದಿನ ನಾನು 'ನೀವು, ತಾವು' ಎಂದು ಶುರು ಮಾಡಿದೆ. "ನಾನೇನು ತಾಸಿಲ್ದಾರ್ನಾ? ಅಜ್ಜಾ ಅನ್ನು, ಸಾಕು" ಎಂದ. ನನಗೂ ಹೆಸರಿಟ್ಟ. ಸಕ್ಕರೆ ಬೇಡ ಎನ್ನುತ್ತಾ ಊರೂರು ತಿರುಗುವವಳು, ಸಕ್ಕರೆವ್ವ.

ಆಗಲೇ ಅವನ ಎಡಗಾಲಿನ ಎರಡು ಬೆರಳು ಹೋಗಿದ್ದವು. ಇನ್ನೊಂದು ಹುಣ್ಣಾದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮನೆಯಲ್ಲಿ ಊಟ ಲೆಕ್ಕದ್ದೇ. ಹೆಂಡತಿ ಮಾಳವ್ವ ಅಳೆದು ಬಡಿಸುತ್ತಿದ್ದಳು. ಹಾಗಿದ್ದರೂ ಶುಗರ್ ಇಳಿಯುತ್ತಿರಲಿಲ್ಲ. ಯಾಕೆಂದು ಕೇಳಿದರೆ ಮಾಳವ್ವ ಗೂಟಕ್ಕೆ ತೂಗುಹಾಕಿದ್ದ ಹಿತ್ತಾಳೆ ಪಾತ್ರೆಯ ಕಡೆ ಗದ್ದ ತಿರುಗಿಸಿದಳು. ಅದು ದೋಣಿ.

ಗೊತ್ತಿಲ್ಲದವರಿಗೆ ಹೇಳಬೇಕು. ಹರಕೆ ಹೊತ್ತ ಮನೆಯವರು ಭಾನುವಾರ ಗೊರವರನ್ನು ಕರೆಸುತ್ತಾರೆ. ಅಂಗಳದಲ್ಲಿ ಕಂಬಳಿ ಹಾಸಿ, ದೋಣಿಯ ಆಕಾರದ ಆ ಪಾತ್ರೆಗೆ ಹಾಲು, ತುಪ್ಪ, ಬೆಲ್ಲ, ಬಾಳೆಹಣ್ಣು ತುಂಬಿಸಿ ಪೂಜೆ ಮಾಡುತ್ತಾರೆ. ಆಮೇಲೆ ಗೊರವರು ಮಂಡಿಯೂರಿ ಬಗ್ಗಿ, ಕೈ ಮುಟ್ಟಿಸದೆ ಬಾಯಿಂದಲೇ ಅದನ್ನು ಉಣ್ಣುತ್ತಾರೆ. ಅಲ್ಲಿಯವರೆಗೆ ಅವರಿಗೆ ಉಪವಾಸ. ದೋಣಿ ಬರಿದಾದರೆ ಹರಕೆ ಮುಟ್ಟಿತು ಎಂದು ಮನೆಯವರಿಗೆ ನೆಮ್ಮದಿ. ಸುತ್ತಲಿನ ಗೊರವರಲ್ಲಿ ಮೈಲಪ್ಪನೇ ಹಿರಿಯ. ಮೊದಲ ಬಾಯಿ ಅವನದು, ದೊಡ್ಡ ಪಾಲೂ ಅವನದು.

ತಿಂಗಳುಗಟ್ಟಲೆ ವಾದಿಸಿದೆ.

"ಅಜ್ಜಾ, ಒಂದು ಬಾಯಿ ಮುಟ್ಟಿಸಿ ಏಳು. ಉಳಿದದ್ದು ಸಣ್ಣ ಗೊರವರು ಉಣ್ಲಿ."

"ಮುಂಜಾನಿಂದ ಹಸಗೊಂಡು ಕುಂತೋನು ಒಂದು ಬಾಯಿಗೆ ಸಾಕು ಅನ್ನಬೇಕಾ? ಹೊಟ್ಟಿ ತುಂಬಿಲ್ಲದ ತುಂಬೈತಿ ಅಂತ ದೇವರ ಮುಂದ ಹೆಂಗ ಹೇಳ್ಲಿ? ಅದು ಉಣ್ಣಾದಲ್ಲ ಸಕ್ಕರೆವ್ವಾ, ನಾಟಕ."

"ಕಾಲು ಹೋದ್ರ ಮಂಡಿ ಊರಾದು ಹೆಂಗ?"

ಇದು ನನ್ನ ಬತ್ತಳಿಕೆಯ ಕೊನೆಯ ಬಾಣ. ಅಜ್ಜ ಡಮರುಗದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ. "ನಂಗೂ ಅದ ಹೆದರಿಕಿ. ಕಂಬಳಿ ಮ್ಯಾಲ ಕುಂದ್ರಾಕ ಆಗದ ದಿನ ನಾ ಯಾರು?" ಎಂದ. ಅಂದರೆ ನಮ್ಮಿಬ್ಬರದೂ ಒಂದೇ ಭಯ. ಅವನ ಕಾಲು ಉಳಿಯಲಿ ಎಂದು ನಾನು ದೋಣಿ ಬಿಡಿಸಲು ನೋಡುತ್ತಿದ್ದೆ. ದೋಣಿಗಾಗಿಯೇ ಅವನಿಗೆ ಕಾಲು ಬೇಕಿತ್ತು. ತೀರ್ಪುಗಾರರಿದ್ದಿದ್ದರೆ ಆ ದಿನ ಅವನಿಗೇ ಕಪ್ ಕೊಡುತ್ತಿದ್ದರು.

ಗುಳಿಗೆಯೊಂದಕ್ಕೆ ಮಾತ್ರ ಒಪ್ಪಿದ. ಡಾಕ್ಟರೂ ಹೇಳಿದ್ದರು, ನಾನೂ ಹೇಳಿದೆ, ಗೋಡೆಯ ಪಟದಲ್ಲೂ ಬರೆದಿತ್ತು: ಒಂದು ದಿನವೂ ಗುಳಿಗೆ ತಪ್ಪಿಸಬೇಡಿ. "ಆತು. ಮಾತು ಕೊಟ್ಟೀನಿ, ತಪ್ಪಸಂಗಿಲ್ಲ" ಎಂದ. ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ. ಉಪವಾಸದ ಭಾನುವಾರವೂ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಬರೀ ಹೊಟ್ಟೆಯಲ್ಲಿ ಗುಳಿಗೆ ನುಂಗತೊಡಗಿದ. ಊಟ ಬಿಟ್ಟ ದಿನ ಅದೇ ಗುಳಿಗೆ ವಿಷವಾಗಬಹುದೆಂದು ಪಟದಲ್ಲಿ ಬರೆದಿರಲಿಲ್ಲ. ಹೊತ್ತಿಗೆ ಸರಿಯಾಗಿ ಪೂಜೆ ಆಗುತ್ತಿದ್ದ ವಾರಗಳಲ್ಲಿ ಏನೂ ಆಗಲಿಲ್ಲ.

ಒಂದು ಶನಿವಾರ ಮಾಳವ್ವ, "ಕುಂತಲ್ಲೇ ವಾದ ಮಾಡ್ತೀಯಲ್ಲ, ನಾಳೆ ಬಂದು ದೋಣಿ ಎಷ್ಟು ಹಿಡಿತೈತಿ ಅಂತ ಕಣ್ಣಿಲೆ ನೋಡು" ಎಂದು ಕರೆದಳು. ಹೋದೆ. ಮೊಮ್ಮಗ ಹುಟ್ಟಿದ ಹರಕೆಯ ಮನೆ. ಅಂಗಳದಲ್ಲಿ ಚಪ್ಪರ, ಡೊಳ್ಳು, ಕಂಬಳಿಯ ಮೇಲೆ ನಾಲ್ಕೈದು ಗೊರವರು, ನಡುವೆ ನಮ್ಮಜ್ಜ. ದೋಣಿಗೆ ಹಾಲು ಬೆಲ್ಲ ತುಂಬಿ ಮೇಲೆ ಬಟ್ಟೆ ಮುಚ್ಚಿದ್ದರು. ಪೂಜೆ ಮಾತ್ರ ಶುರುವಾಗಲಿಲ್ಲ. ಹರಪನಹಳ್ಳಿಯಿಂದ ಬೀಗರು ಬರಬೇಕಿತ್ತು. ಬೀಗರಿಲ್ಲದೆ ಪೂಜೆ ಮಾಡಿದರೆ ಮುನಿಸು. ಬಸ್ಸು ತಪ್ಪಿತಂತೆ, ಹೊರಟರಂತೆ, ಇನ್ನೇನು ಬಂದರಂತೆ ಎನ್ನುವುದರಲ್ಲೇ ಮಧ್ಯಾಹ್ನ ಜಾರಿತು.

ಅಷ್ಟರಲ್ಲಿ ಅಜ್ಜನ ಕೈಯಲ್ಲಿದ್ದ ಡಮರುಗ ತಾನೇ ನುಡಿಯತೊಡಗಿತು. ಅವನು ನುಡಿಸುತ್ತಿರಲಿಲ್ಲ. ಕೈ ನಡುಗುತ್ತಿತ್ತು. ಹಣೆಯ ಭಂಡಾರ ಬೆವರಿಗೆ ಕರಗಿ ಮೂಗಿನ ಮೇಲೆ ಹಳದಿ ಗೆರೆಯಾಗಿ ಇಳಿಯಿತು. ಕಣ್ಣು ಎಲ್ಲೋ ನೆಟ್ಟಿತ್ತು. ನಾಲಗೆ ತೊದಲುತ್ತಿತ್ತು.

"ಬಂದ! ತಂದಿ ಮೈಮ್ಯಾಲ ಬಂದ!" ಎಂದು ಯಾರೋ ಕೂಗಿದರು. ಡೊಳ್ಳು ಏರಿತು. "ಏಳುಕೋಟಿಗೋ ಚಾಂಗಮಲೋ" ಎನ್ನುತ್ತಾ ಜನ ಭಂಡಾರ ಎರಚಿದರು. ಹುಡುಗರು ಮೊಬೈಲ್ ಎತ್ತಿ ಹಿಡಿದರು. ಒಬ್ಬ ಮುದುಕ ಕೈ ಮುಗಿದು, "ಮಳಿ ಯಾವಾಗ ಆಕ್ಕೈತಿ ಹೇಳು ನಮ್ಮಪ್ಪಾ" ಎಂದು ಕೇಳತೊಡಗಿದ.

ನಡುಕ, ಬೆವರು, ತೊದಲು. ಶುಗರ್ ಪಾತಾಳಕ್ಕೆ ಇಳಿದಾಗ ಹೀಗಾಗುತ್ತದೆಂದು ವಾರಕ್ಕೆ ಎಷ್ಟು ಸಲ ಪಾಠ ಮಾಡಿದ್ದೆನೋ. ಚೀಲದಿಂದ ಯಂತ್ರ ತೆಗೆದುಕೊಂಡು ಓಡಿದೆ. ಮನೆಯ ಯಜಮಾನ ಅಡ್ಡ ನಿಂತ.

"ದೇವರ ಬೆರಳಿಗೆ ಸೂಜಿ ಚುಚ್ತಿಯೇನಬೇ? ಹಿಂದ ಸರಿ!"

"ಇದು ದೇವರಲ್ರೀ! ಶುಗರ್ ಇಳಿದೈತಿ, ಜೀವಕ್ಕ ಕುತ್ತೈತಿ, ಬಿಡ್ರಿ!"

"ನೋಡ್ರೋ ಈಕಿ ಮಾತು! ಮೈಲಾರಲಿಂಗಗ ಶುಗರ್ ಅಂತ!"

ಇಬ್ಬರು ಕೈ ಅಗಲಿಸಿ ನನ್ನನ್ನು ತಡೆದರು. ಅಜ್ಜ ಪಕ್ಕಕ್ಕೆ ವಾಲಿದ. ಮಾಳವ್ವ ನುಗ್ಗಿ ಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವನ ತುಟಿ ಅಲುಗಿತು. ಡೊಳ್ಳಿನ ಸದ್ದಿನಲ್ಲಿ ನನಗೇನೂ ಕೇಳಲಿಲ್ಲ. ಅವಳು ಬಗ್ಗಿ ಕಿವಿಗೊಟ್ಟು, ತಲೆಯೆತ್ತಿ ನನ್ನನ್ನು ನೋಡಿದಳು.

ದೇವರಲ್ಲ ಎಂದು ರುಜುವಾತು ಮಾಡುವಷ್ಟು ಹೊತ್ತು ಆ ಮನುಷ್ಯನಿಗೆ ಇರಲಿಲ್ಲ. ಸ್ಪರ್ಧೆಗಳಲ್ಲಿ ಒಂದು ಪಟ್ಟು ಇದೆ. ಎದುರಿನವರ ಮಾತನ್ನು ಕೆಡವಲಾಗದಿದ್ದರೆ ಅದನ್ನು ಒಪ್ಪಿಕೊಂಡು ಅವರದೇ ದಾರಿಯಲ್ಲಿ ಅವರಿಗಿಂತ ಮುಂದೆ ನಡೆಯುವುದು. ಗಂಟಲು ಹರಿಯುವಂತೆ ಕೂಗಿದೆ:

"ಆತ್ರೀ! ದೇವರ ಬಂದಾನ! ಹಂಗಾರ ಬಂದ ದೇವರನ್ನ ಹಸಿವಿಗೆ ಕೆಡವೀರೇನು? ದೋಣಿ ಮುಂದಿಟ್ಕೊಂಡು ಬೀಗರ ದಾರಿ ಕಾಯ್ತೀರಲ್ಲ, ನಿಮಗ ದೇವರು ದೊಡ್ಡೋನಾ, ಬೀಗರು ದೊಡ್ಡೋರಾ?"

ಡೊಳ್ಳು ನಿಂತಿತು. ಮಳೆ ಕೇಳುತ್ತಿದ್ದ ಮುದುಕನೇ ತಿರುಗಿ, "ಆಕಿ ಅನ್ನಾದು ಖರೆ ಐತಿ. ಬಟ್ಟಿ ತಗೀರ್ಲೇ" ಎಂದ.

ಯಾವ ದೋಣಿಯನ್ನು ಬಿಡಿಸಲು ತಿಂಗಳುಗಟ್ಟಲೆ ಹೆಣಗಿದ್ದೆನೋ ಅದೇ ದೋಣಿಯ ಬೆಲ್ಲದ ಹಾಲನ್ನು, ಅವನು ನುಂಗುತ್ತಿದ್ದಾನೆಂದು ನೋಡಿಕೊಂಡು, ಮಾಳವ್ವ ಬೆರಳಲ್ಲಿ ಅದ್ದಿ ಅದ್ದಿ ಬಾಯಿಗೆ ಸವರಿದಳು. "ಇನ್ನೊಂದೀಟು, ಇನ್ನೊಂದೀಟು" ಎಂದು ನಾನೇ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಜ್ಜ ಕಣ್ಣು ಹೊರಳಿಸಿ, "ಯಾಕ ಎಲ್ಲಾರೂ ಹಿಂಗ ನಿಂತೀರಿ?" ಎಂದ. ಆ ಗುಳಿಗೆ ಶುಗರನ್ನು ಮತ್ತೆ ಇಳಿಸಬಹುದೆಂದು ಗೊತ್ತಿದ್ದರಿಂದ ಬಿಡದೆ ಟಂಟಂ ಆಟೋದಲ್ಲಿ ಹಡಗಲಿ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ರಾತ್ರಿ ಇರಿಸಿಕೊಂಡು, ಗುಳಿಗೆ ಕಡಿಮೆ ಮಾಡಿ, ಊಟ ಮಾಡದೆ ನುಂಗಲೇಬೇಡ ಎಂದು ಹೇಳಿ ಕಳಿಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ದಣಿಯುತ್ತಿರಲಿಲ್ಲ. ಕೊಟ್ರೇಶ ಸರ್ ಕೂಡ ಇಲ್ಲಿಗೇ ಮುಗಿಸಿ, "ಜೀವ ಉಳಿಸಿದ ಶಿಕ್ಷಕಿ" ಎಂದು ಮೇಲಕ್ಕೆ ವರದಿ ಕಳಿಸಿದರು. ಜೊತೆಗೆ ರಬ್ಬರ್ ಸೇಬು ಹಿಡಿದ ನನ್ನ ಫೋಟೊ.

ಹುಡುಗರು ಹಿಡಿದ ವಿಡಿಯೊ ಮೊಬೈಲಿಂದ ಮೊಬೈಲಿಗೆ ಹಾರಿತು. ಅದರಲ್ಲಿ ಡೊಳ್ಳಿದೆ, ನಡುಗುವ ಅಜ್ಜನಿದ್ದಾನೆ, "ದೇವರ ಬಂದಾನ" ಎಂದು ಕೂಗುವ ನಾನಿದ್ದೇನೆ. ಶುಗರ್ ಎಂದದ್ದು ಡೊಳ್ಳಿನ ಸದ್ದಿನಲ್ಲಿ ಮುಳುಗಿಹೋಗಿದೆ. ಓದಿದ ಹೆಣ್ಣುಮಗಳೇ ಒಪ್ಪಿದಳು ಎಂದ ಮೇಲೆ ಇನ್ನೇನು ಸಾಕ್ಷಿ ಬೇಕು? ಮೈಮೇಲೆ ದೇವರು ಬರುವ ಗೊರವಯ್ಯ ಎಂದು ಹಲವಾಗಲಿನಿಂದ, ಹಗರಿಬೊಮ್ಮನಹಳ್ಳಿ ಕಡೆಯಿಂದ ದೋಣಿಗೆ ಕರೆ ಬರತೊಡಗಿತು. ಮೊದಲು ತಿಂಗಳಿಗೆ ಎರಡು ಸಲ ಇದ್ದದ್ದು ಈಗ ಪ್ರತಿ ಭಾನುವಾರ. ಒಂದು ವಾದ ಗೆದ್ದು ಅವನ ಜೀವ ಉಳಿಸಿದೆ. ಅದೇ ವಾದ ಅವನ ಮುಂದೆ ದೋಣಿಯ ಮೇಲೆ ದೋಣಿ ತಂದಿಟ್ಟಿತು.

ಅದೂ ಸಾಲದು. ಗುಳಿಗೆ ಕಡಿಮೆಯಾಗಿತ್ತಲ್ಲ, ಡಾಕ್ಟರ ಮಾತು ಮೀರಿ ಬರೀ ಹೊಟ್ಟೆಯಲ್ಲೇ ನುಂಗಿದರೂ ಮುಂದಿನ ಭಾನುವಾರಗಳಲ್ಲಿ ಅಜ್ಜ ನಡುಗಲಿಲ್ಲ. ದೂರದಿಂದ ಬಂದವರು ದೇವರು ಬರಲಿಲ್ಲವೆಂದು ಪೆಚ್ಚುಮುಖ ಹಾಕಿ ಹೋದರು. ಒಂದು ಶನಿವಾರ ಸಂಜೆ ಹೋದಾಗ ಅಜ್ಜ ಮುಚ್ಚುಮರೆ ಇಲ್ಲದೆ ಹೇಳಿದ:

"ನಾಳೆ ಎರಡು ಗುಳಿಗಿ ನುಂಗ್ತೀನಿ ಸಕ್ಕರೆವ್ವಾ. ಒಂದಕ್ಕ ಬರವಲ್ಲ."

"ಯಾರು ಬರವಲ್ಲ?"

"ತಂದಿ. ಉಪಾಸ ಇದ್ದು ಗುಳಿಗಿ ನುಂಗಿದಾಗ ಬಂದಿದ್ದ. ಈಗ ಗುಳಿಗಿ ಸಣ್ಣದಾಗೈತಿ. ಮಂದಿ ಆಸಿ ಇಟ್ಕೊಂಡು ಬರ್ತಾರ, ಬರಿಗೈಲಿ ಕಳಸಾಕ ಆಗವಲ್ದು."

ಅವನು ಆಟ ಹೂಡುತ್ತಿರಲಿಲ್ಲ. ಪೂರ್ತಿ ನಂಬಿದ್ದ. ಎರಡು ಗುಳಿಗೆ, ಬರೀ ಹೊಟ್ಟೆ, ತಡವಾಗುವ ಪೂಜೆ. ನಾಳೆ ಅವನು ಏಳುವುದಿಲ್ಲ ಎಂದು ನನಗೆ ಕಣ್ಣಿಗೆ ಕಟ್ಟಿತು.

"ಅಜ್ಜಾ, ಅವತ್ತು ಬಂದಿದ್ದು ದೇವರಲ್ಲ. ಶುಗರ್ ಇಳಿದಿದ್ದು."

"ಊರ ಮುಂದ ನಿಂತು ದೇವರ ಬಂದಾನ ಅಂತ ಕೂಗಿದಾಕಿ ನೀನ. ಅವತ್ತು ಖರೆ ಹೇಳಿದ್ಯಾ, ಇವತ್ತು ಖರೆ ಹೇಳ್ತೀಯಾ?"

 ಸ್ಪರ್ಧೆಯಲ್ಲಿ ನಿನ್ನೆ ಪರ ಮಾತಾಡಿದವಳನ್ನು ಇವತ್ತು ಯಾಕೆ ವಿರೋಧ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ. ಅವತ್ತಿನದು ಸುಳ್ಳು ಎಂದರೆ ಗುಳಿಗೆಯ ಮಾತೂ, ಕಾಲಿನ ಮಾತೂ ಅದೇ ಬಾಯಿಂದ ಬಂದವು. ಅವನ್ನು ಅವನು ಯಾಕೆ ನಂಬಬೇಕು?

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮಾಳವ್ವ ಕೈ ನಿಲ್ಲಿಸಿದಳು.

"ಅವತ್ತು ನನ್ನ ತೊಡಿ ಮ್ಯಾಲ ತಲಿ ಇಟ್ಟು ನೀ ಏನಂದಿ ಗೊತ್ತೈತೇನು?"

"ಏನಂದೆ?" ಅಜ್ಜ ಆಸೆಯಿಂದ ತಿರುಗಿದ. ದೇವರ ಮಾತು ಕೇಳುವ ಆಸೆ.

"'ಮಾಳೀ, ಹಸಿವಾಗೈತಿ' ಅಂದಿ."

ರೊಟ್ಟಿ ಹೆಂಚಿನ ಮೇಲೆ ಸೀದ ವಾಸನೆ ಬಂತು. ಅವಳು ತೆಗೆಯಲಿಲ್ಲ.

"ಅಷ್ಟು ಮಂದ್ಯಾಗ ಹೆಂಗ ಹೇಳ್ಲಿ ಅಂತ ಸುಮ್ಕಿದ್ದೆ. ಕೂಸು ಕೇಳಿದಂಗ ಕೇಳಿದಿ."

ಅಜ್ಜ ತನ್ನ ಎಡಗಾಲನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ನಿಧಾನವಾಗಿ, "ದೇವರಿಗೆ ಹಸಿವಾಗಬಾರದೇನು?" ಎಂದ.

ನಾನು ಬಾಯಿ ತೆರೆದೆ. ಮಾಳವ್ವ ಹಿಟ್ಟಿನ ಕೈಯನ್ನು ನನ್ನ ಕಡೆ ಎತ್ತಿದಳು. 

"ಆಗ್ಲಿ" ಎಂದಳು ಗಂಡನಿಗೆ. "ದೇವರಿಗೇ ಹಸಿವಾಗೈತಿ ಅಂತ ತಿಳಿ. ಗೊತ್ತಾದ ಮ್ಯಾಲೂ ನಾ ಒಲಿ ಮುಂದ ಸುಮ್ಕ ಕುಂದ್ರಬೇಕೇನು? ನಾಳೆ ಮುಂಜಾನೆ ಅಂಬಲಿ ಕುಡಿ. ಆಮ್ಯಾಲ ಗುಳಿಗಿ. ಒಂದ."

"ಉಪಾಸ?"

"ಉಪಾಸ ನಾ ಇರ್ತೀನಿ. ನಿನ್ನ ಬದ್ಲಿ."

ಅಜ್ಜ ಎದ್ದು ಕಂಬಳಿ ಹೊದ್ದುಕೊಂಡು ಹೊರಗೆ ಹೋದ.

ಮರುದಿನ ಕರೆಯದಿದ್ದರೂ ಹೋದೆ. ಚೀಲದಲ್ಲಿ ಬೆಲ್ಲ, ಬಾಳೆಹಣ್ಣು ಇಟ್ಟುಕೊಂಡಿದ್ದೆ. ನೀವೂ ಇಟ್ಟುಕೊಳ್ಳಿ. ರಬ್ಬರ್ ಹಣ್ಣಿಗಿಂತ ಮೊದಲು ಅವು ಚೀಲದಲ್ಲಿರಲಿ. ಇನ್ನೊಂದೂರು, ಇನ್ನೊಂದು ಚಪ್ಪರ. ಮಾಳವ್ವ ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಬಾಯಿ ಒಣಗಿತ್ತು. ಅಜ್ಜ ಅಂಬಲಿ ಕುಡಿದನೇ ಎಂದು ಕಣ್ಣಲ್ಲೇ ಕೇಳಿದೆ. ಅವಳು ರೆಪ್ಪೆ ಮುಚ್ಚಿ ತೆರೆದಳು. ಅಂದೂ ಪೂಜೆ ತಡವಾಯಿತು. ಡಮರುಗ ಅಜ್ಜನ ಕೈಯಲ್ಲಿ ಅಲುಗಾಡದೆ ಇತ್ತು. ನನ್ನ ಕಣ್ಣು ಅದರ ಮೇಲೆಯೇ ಇತ್ತು.

ಮಂಗಳಾರತಿ ಆಯಿತು. ಅಜ್ಜ ಮಂಡಿಯೂರಿ ಬಗ್ಗಿದ. ಒಂದು ಬಾಯಿ, ಇನ್ನೊಂದು ಬಾಯಿ. ಅಷ್ಟಕ್ಕೇ ತಲೆಯೆತ್ತಿದ. ಮೀಸೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಜನ ಕಾದರು. ಮನೆಯವರ ಮುಖ ಇಳಿಯಿತು.

"ಯಾಕ ಗೊರವಪ್ಪಾ, ಏನ್ ತಪ್ಪಾತು?"

ಅಜ್ಜ ಸುತ್ತಲೂ ನೋಡಿದ. ನನ್ನನ್ನೂ ನೋಡಿದ. ಅವನು ನಾಟಕ ಮಾಡುವವನಲ್ಲ ಎಂದು ಆಗಲೇ ಹೇಳಿದ್ದೇನೆ. ಬೆಳಿಗ್ಗೆ ಅಂಬಲಿ ಕುಡಿದ ಹೊಟ್ಟೆ ಅದು.

"ಏನೂ ತಪ್ಪಾಗಿಲ್ಲ" ಎಂದ. "ದೇವರಿಗೆ ಇವತ್ತು ಹಸಿವಿಲ್ಲ."

 ಮನೆಯ ಮುದುಕಿ, "ನಮ್ಮನ್ಯಾಗ ದೇವರಿಗೆ ಹೊಟ್ಟಿ ತುಂಬೈತಂತ!" ಎಂದು ಕೈ ಮುಗಿದಳು. "ಚಾಂಗಮಲೋ" ಎಂದು ಚಪ್ಪರ ಹಾರುವಂತೆ ಕೂಗೆದ್ದಿತು. ಸಣ್ಣ ಗೊರವರು ಬಗ್ಗಿ ದೋಣಿ ಬರಿದು ಮಾಡಿದರು.

ಇದನ್ನು ಗೆಲುವು ಎಂದು ಬರೆದುಕೊಳ್ಳಬೇಡಿ. ಅಜ್ಜನ ಶುಗರ್ ಇಂದಿಗೂ ಏರಿಳಿಯುತ್ತದೆ. ಆಮೇಲೆ ಬಲಗಾಲಿಗೂ ಹುಣ್ಣಾಗಿ, ಮಾಗಿ, ಮತ್ತೆ ಆಗಿದೆ. ಪಾದ ಎರಡೂ ಇವೆ, ಮಂಡಿ ಊರುತ್ತಾನೆ. ಎಷ್ಟು ದಿನ ಎಂದು ಮಾತ್ರ ಕೇಳಬೇಡಿ. ದೇವರು ಬಂದಿದ್ದನೋ ಇಲ್ಲವೋ ಎಂಬ ನಮ್ಮಿಬ್ಬರ ವಾದ ಇನ್ನೂ ಹಾಗೆಯೇ ಇದೆ. ನಾನು ಒಪ್ಪಿಲ್ಲ, ಅವನೂ ಒಪ್ಪಿಲ್ಲ.

ಆ ದಿನ ಜನ ಕರಗಿದ ಮೇಲೆ ಮಾಳವ್ವನ ಪಕ್ಕ ಹೋಗಿ ಕೂತೆ. ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟೆ. ಅವಳು ಸಿಪ್ಪೆ ಸುಲಿದು, ಬಾಯಿಗಿಡುವ ಮೊದಲು ನನ್ನ ಮುಖ ನೋಡಿದಳು.

"ಇದರಾಗ ಸಕ್ಕರಿ ಎಷ್ಟೈತಿ ಅಂತ ಶುರು ಮಾಡಬ್ಯಾಡ ಮತ್ತ."

ನಾನು ಶುರು ಮಾಡಲಿಲ್ಲ. ಅವಳು ತಿನ್ನುವವರೆಗೆ ಸುಮ್ಮನೆ ಕೂತಿದ್ದೆ.